‘ನನಗೇನೂ ಬರೂದಿಲ್ರಿ’ ಅಂದವನ ಸನದು

ಕೂಡಿದಂಥ ಮಹಾಜನರೇ! ಮುಂದೆ ಜಮಖಾನೆಯ ಮೇಲೆ ಕುಳಿತ ಹಿರಿಯರೇ, ಹಿಂದೆ ಚಕ್ಕಡಿಯ ಮೇಲೆ ಏರಿ ನಿಂತ ತರುಣರೇ, ಗೋಡೆಗೆ ಒರಗಿದ ತಾಯಂದಿರೇ! ಶೇಂಗಾ ಸುಲಿಯುವುದನ್ನು ಒಂದು ಗಳಿಗೆ ನಿಲ್ಲಿಸಿರಿ. ಮೊರಬದ ಈ ಚಾವಡಿಯ ಮುಂದೆ ನಾನು ಈಗ ಓದುತ್ತಿರುವುದು ನಾಟಕವಲ್ಲ, ಪತ್ರ. ಇದರ ಒಂದು ಪ್ರತಿ ಪತ್ರಿಕೆಗೆ ಹೋಗುತ್ತದೆ, ಇನ್ನೊಂದು ರಜಿಸ್ಟರ ಟಪಾಲಿನಲ್ಲಿ ಯಾರಿಗೆ ಬರೆದಿದ್ದೇನೋ ಅವರಿಗೆ ಹೋಗುತ್ತದೆ. ನೀವು ಸಾಕ್ಷಿ.

ವಕೀಲರ ಯಾದಿ ಇಡುವ ಕಚೇರಿಯ ಮಾನ್ಯ ಕಾರ್ಯದರ್ಶಿಗಳೇ, ನನ್ನ ತಕರಾರು ಒಂದೇ ಸಾಲಿನದು: ನನ್ನ ಸನದು ನನಗೆ ತಿರುಗಿ ಕೊಡಿರಿ. ಕೋರ್ಟಿನಲ್ಲಿ ಎದ್ದು ನಿಂತು ಇನ್ನೊಬ್ಬರ ಪರವಾಗಿ ಬಾಯಿ ತೆರೆಯಲು ಅಧಿಕಾರ ಕೊಡುವ ಆ ಒಂದು ಹಾಳೆಯ ಬಲದ ಮೇಲೆ ನಾನು ನವಲಗುಂದದಲ್ಲಿ ಹನ್ನೊಂದು ವರ್ಷ ವಕೀಲಿ ಮಾಡಿದೆ. ಸಾವಿರದ ಒಂಬೈನೂರ ಎಪ್ಪತ್ನಾಲ್ಕರಲ್ಲಿ ಪರದೇಶಕ್ಕೆ ಹೊರಟಾಗ, ನಿಯಮಕ್ಕೆ ತಲೆಬಾಗಿ, ನಾನಾಗಿಯೇ ಅದನ್ನು ತಮ್ಮ ಕಚೇರಿಗೆ ಒಪ್ಪಿಸಿದೆ. ಕಳೆದ ವರ್ಷ ಜೂನ್ ತಿಂಗಳಲ್ಲಿ ತಿರುಗಿ ಬಂದು ಕೇಳಿದೆ. ಆರು ತಿಂಗಳು ಆಲೋಚಿಸಿ ತಾವು ಉತ್ತರಿಸಿದಿರಿ: ‘ಅರ್ಜಿದಾರರು ತಮಗೆ ಕಾಯದೆಯಲ್ಲಿ ಏನೂ ಗೊತ್ತಿಲ್ಲವೆಂದು ಸ್ವತಃ ಒಪ್ಪಿಕೊಂಡಿರುವುದರಿಂದ ಸನದು ಮರಳಿಸಲು ಬರುವುದಿಲ್ಲ.’

ಸಭಿಕರೇ, ನಗಬೇಡಿರಿ. ಅಥವಾ ನಗಿರಿ, ನನ್ನ ಮನೆಯಲ್ಲಿ ಆಗಲೇ ನಕ್ಕಾಗಿದೆ. ಈ ಆದೇಶವನ್ನು ನಾನು ಪಡಸಾಲೆಯಲ್ಲಿ ನಿಂತು ಓದಿದಾಗ ನನ್ನ ಹೆಂಡತಿ ವತ್ಸಲಾಬಾಯಿ ರೊಟ್ಟಿ ಬಡಿಯುವ ಕೈಯನ್ನೂ ನಿಲ್ಲಿಸಲಿಲ್ಲ.

“ಹದಿನಾರು ವರ್ಷದಿಂದ ನಾ ಇದನ್ನ ಹೇಳ್ಲಿಕ್ಕತ್ತೇನಿ. ಸರಕಾರಕ್ಕ ಈಗ ತಿಳೀತು ನೋಡ್ರಿ,” ಅಂದಳು.

ಮಾನ್ಯರೇ, ನಾನು ಹಾಗೆ ಅಂದದ್ದು ನಿಜ. ಅಲ್ಲಗಳೆಯುವುದಿಲ್ಲ. ಆದರೆ ಎಲ್ಲಿ ಅಂದೆ, ಯಾಕೆ ಅಂದೆ ಎಂಬುದನ್ನು ತಾವು ಕೇಳಲಿಲ್ಲ. ಕೇಳದೆ ತೀರ್ಪು ಕೊಡುವ ಸೌಭಾಗ್ಯ ನಮ್ಮ ಕೆಳಗಿನ ಕೋರ್ಟುಗಳಿಗೆ ಇಲ್ಲ, ತಮಗಿದೆ. ಆದ್ದರಿಂದ ಕೇಳದಿದ್ದರೂ ಹೇಳುತ್ತೇನೆ.

ನನ್ನ ತಂದೆ ಕೃಷ್ಣಾಜಿಯವರು ಊರ ನಾಟಕ ಮಂಡಳಿಯ ವೇಷದ ಪೆಟ್ಟಿಗೆ ಕಾಯುತ್ತಿದ್ದವರು. ನಾನು ನಡೆಯುವುದನ್ನು ಕಲಿತದ್ದು ಬಣ್ಣ ಬಳಿದ ಅರಮನೆಯ ಪರದೆಯ ಹಿಂದೆ, ಮಾತಾಡುವುದನ್ನು ಕಲಿತದ್ದು ಕೊನೆಯ ಸಾಲಿನ ಕಿವುಡನಿಗೂ ಕೇಳಿಸಬೇಕೆಂಬ ಶಿಸ್ತಿನಲ್ಲಿ. ಇಪ್ಪತ್ತನೆಯ ವಯಸ್ಸಿಗೆ ವಿಲಾಯತಿಯಿಂದ ಮರಳಿದ ಬ್ಯಾರಿಸ್ಟರನ ಪಾರ್ಟು ಹಾಕಿದೆ. ಎರವಲು ಕೋಟು, ಬಾಯಲ್ಲಿ ಹೊಗೆಯಿಲ್ಲದ ಪೈಪು. ಮೂರು ಪ್ರವೇಶ, ನಾಲ್ಕು ಸಲ ಚಪ್ಪಾಳೆ. ಆ ಚಪ್ಪಾಳೆ ನನ್ನ ತಲೆಯಲ್ಲಿ ಹದಿನಾರು ವರ್ಷ ಮೊಳಗುತ್ತಲೇ ಇತ್ತು. ವತ್ಸಲೆಯ ತಮ್ಮ ಪ್ರಭಂಜನ ಕೆನಡಾ ದೇಶದಲ್ಲಿ ಧಾನ್ಯ ಪರೀಕ್ಷಿಸುವ ಕೆಲಸದಲ್ಲಿದ್ದ. ‘ಭಾವ, ಇಲ್ಲಿ ವಕೀಲರಿಗೆ ಬಹಳ ಮಾನ ಇದೆ, ಬರ್ರಿ’ ಎಂದು ಅವನು ಎರಡು ಸಾಲು ಬರೆದ. ಮಾನ ಎಂಬ ಶಬ್ದ ಓದಿದವನು ಮುಂದಿನ ಸಾಲನ್ನು ಓದಲಿಲ್ಲ. ಮುಂದಿನ ಸಾಲಿನಲ್ಲಿ, ‘ಆದರೆ ನಿಮ್ಮ ಡಿಗ್ರಿ ಇಲ್ಲಿ ನಡೆಯುತ್ತದೋ ಇಲ್ಲವೋ ಮೊದಲು ವಿಚಾರಿಸಿರಿ’ ಎಂದಿತ್ತು. ಅದನ್ನು ಹೆಂಡತಿ ಓದಿದಳು. ನಾನು ಆಗ ಸೂಟು ಹೊಲಿಸಲು ಹುಬ್ಬಳ್ಳಿಗೆ ಹೋಗಿದ್ದೆ.

ನಾನು ಹೋಗಿ ಇಳಿದ ಆ ಊರಿನ ಹೆಸರು ಹೇಳುವುದಿಲ್ಲ, ಅವರ ಮರ್ಯಾದೆಗಾಗಿ ಅಲ್ಲ, ನನ್ನದಕ್ಕಾಗಿ. ನಮ್ಮಂತೆಯೇ ಬಯಲು ನಾಡು, ಕೆಳಗೆ ನಮ್ಮಂತೆಯೇ ಎರೆಮಣ್ಣು. ಬರ್ಫ ಕರಗಿದಾಗ ಬೂಟಿಗೆ ಥೇಟ ನಮ್ಮ ಹೊಲದ ಕೆಸರಿನ ಹಾಗೆ ಅಂಟುತ್ತಿತ್ತು. ಮಣ್ಣು ಗುರುತು ಹಿಡಿಯಿತು, ಮನುಷ್ಯರು ಹಿಡಿಯಲಿಲ್ಲ. ಪರದೇಶದ ವಕೀಲರನ್ನು ತೂಗಿ ನೋಡುವ ಕಚೇರಿಯೊಂದು ಅಲ್ಲಿತ್ತು. ಅವರು ನನ್ನ ಪದವಿಯನ್ನೂ ಹನ್ನೊಂದು ವರ್ಷದ ವಕೀಲಿಯನ್ನೂ ತಕ್ಕಡಿಗೆ ಹಾಕಿದರು. ತಕ್ಕಡಿ ಅಲುಗಾಡಲಿಲ್ಲ. ‘ಕಾನೂನು ಕಾಲೇಜಿಗೆ ಸೇರಿ ಮೊದಲನೆಯ ವರ್ಷದಿಂದ ಓದಿರಿ’ ಎಂದು ಸಲಹೆ ಬಂತು. ಮೂವತ್ತಾರು ವಯಸ್ಸಿನವನಿಗೆ, ಎರಡು ಕೊಲೆ ಖಟ್ಲೆಗಳಲ್ಲಿ ಹಿರಿಯರ ಬಾಜು ನಿಂತವನಿಗೆ!

ಕಾಲೇಜಿನಲ್ಲಿ ಮೊದಲು ಸಂದರ್ಶನ. ಮೇಜಿನಾಚೆ ಮೂವರು, ನಡುವೆ ಬೆಳ್ಳಿಗೂದಲಿನ ಒಬ್ಬ ತಾಯಿ. “ಕಾಯದೆ ನಿಮಗೆ ಎಷ್ಟು ಗೊತ್ತು?” ಎಂದು ಆಕೆ ಕೇಳಿದರು.

ಸಭಿಕರೇ, ಇಲ್ಲಿ ಒಂದು ಕ್ಷಣ ಆಟ ನಿಲ್ಲಿಸಿ ಹನ್ನೊಂದು ವರ್ಷ ಹಿಂದೆ ಹೋಗೂಣು. ನಾನು ಡಿಗ್ರಿ ಹಿಡಿದುಕೊಂಡು ನವಲಗುಂದದ ಹಿರಿಯ ವಕೀಲರಾದ ಮಡಿವಾಳೆಪ್ಪನವರ ಕಚೇರಿಯ ಹೊಸ್ತಿಲಲ್ಲಿ ನಿಂತ ದಿನ. ನನಗಿಂತ ಮುಂಚೆ ಇನ್ನೊಬ್ಬ ಹೊಸ ಪದವೀಧರ ಒಳಗಿದ್ದ.

“ಏನ ಬರತೈತಿ ನಿನಗ?” ಎಂದು ಮಡಿವಾಳೆಪ್ಪನವರು ಕೇಳಿದರು.

“ದಿವಾಣಿ, ಫೌಜದಾರಿ ಎರಡೂ ಕಾಯದೆ ಛಲೋ ಬರತಾವ್ರಿ,” ಎಂದು ಅವನು ಎದೆ ಉಬ್ಬಿಸಿದ.

“ಎರಡೂ ಬರತಾವಂದ್ರ ಇಲ್ಲ್ಯಾಕ ಬಂದಿ ತಮ್ಮಾ? ಸೀದಾ ಹೈಕೋರ್ಟಿಗೆ ಹೋಗು. ಅಲ್ಲಿ ನಿನ್ನ ದಾರಿ ಕಾಯಾಕತ್ತಾರ.”

ಅವನು ಹೋದ. ನಾನು ಒಳಗೆ ಹೋದೆ. ಅದೇ ಪ್ರಶ್ನೆ. ಕೈ ಕಟ್ಟಿ, ತಲೆ ಬಾಗಿಸಿ, “ನನಗೇನೂ ಬರೂದಿಲ್ರಿ. ತಾವು ಕಲಿಸಿದಷ್ಟು,” ಅಂದೆ.

“ಹಂಗಾರ ಕುಂದರು,” ಅಂದರು. ನಾನು ಹನ್ನೊಂದು ವರ್ಷ ಕುಳಿತೆ.

ಮಾನ್ಯರೇ, ಈ ಜಿಲ್ಲೆಯಲ್ಲಿ ಹುಟ್ಟಿ ಹಿರಿಯರ ಮುಂದೆ ಈ ಮಾತು ಆಡದೆ ಒಂದು ಕೆಲಸ ಹಿಡಿದವರಿದ್ದರೆ ಕೈ ಎತ್ತಲಿ. ಮದುವೆಯ ಅಡಿಗೆಯವನೂ, ‘ನಮ್ಮ ಕೈ ಅಷ್ಟಕ್ಕಷ್ಟೇ ರೀ’ ಎಂದು ಶುರು ಮಾಡಿ ಐದು ನೂರು ಎಲೆಗೆ ಬಡಿಸುತ್ತಾನೆ. ಈ ಮಾತಿಗೆ ಕೇಳುವವನ ಕಡೆಯಿಂದ ಒಂದು ಗೊತ್ತಾದ ಉತ್ತರ ಇದೆ: ‘ಬಿಡ್ರಿ, ನಮಗ ಗೊತ್ತಿಲ್ಲೇನು?’ ಮಾತು ಅಲ್ಲಿಗೆ ಮುಗಿಯಿತು, ಕೆಲಸ ಶುರುವಾಯಿತು. ನಾನೂ ಆ ಬೆಳ್ಳಿಗೂದಲಿನ ತಾಯಿಯ ಮುಂದೆ ಎದ್ದು ನಿಂತು, ಕೈ ಕಟ್ಟಿ, ನನ್ನ ಕಂಠದ ಸಕಲ ಗಾಂಭೀರ್ಯದಿಂದ ಇಂಗ್ಲಿಷಿನಲ್ಲಿ, “ತಾಯೀ, ನನಗೆ ಕಾಯದೆಯಲ್ಲಿ ಏನೂ ಗೊತ್ತಿಲ್ಲ. ತಾವು ಕಲಿಸಿದಷ್ಟು,” ಎಂದೆ. ಉತ್ತರಕ್ಕೆ ಕಾದೆ. ಆಕೆ, ‘ಬಿಡ್ರಿ, ನಮಗ ಗೊತ್ತಿಲ್ಲೇನು’ ಅನ್ನಲಿಲ್ಲ. ಆಕೆ ಬರೆದುಕೊಂಡರು. ಮಹಾಜನರೇ, ಆ ಪೆನ್ನಿನ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಸೇರಿಸಿಕೊಂಡರು, ಪಾಪ. ಇಂಥ ಪ್ರಾಮಾಣಿಕನನ್ನು ಅವರು ಕಂಡಿರಲಿಲ್ಲವಂತೆ. ಮೊದಲನೆಯ ಪಾಠ, ‘ಕರಾರು ಎಂದರೇನು?’ ನಾನು ಬರೆದ ಕರಾರುಪತ್ರಗಳನ್ನು ಹಾಸಿದರೆ ಮೊರಬದಿಂದ ನವಲಗುಂದದವರೆಗೆ ದಾರಿಯಾದೀತು. ಆದರೂ ನನಗಿಂತ ಹದಿನೈದು ವರ್ಷ ಚಿಕ್ಕವರ ನಡುವೆ ಕುಳಿತು, ‘ಒಬ್ಬ ಕೊಡುತ್ತೇನೆ ಅನ್ನಬೇಕು, ಇನ್ನೊಬ್ಬ ಒಪ್ಪಿದೆ ಅನ್ನಬೇಕು’ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಂದು ದಿನ ಹಳೆಯ ಖಟ್ಲೆಯೊಂದನ್ನು ನಿಂತು ವಿವರಿಸಲು ಹೇಳಿದರು. ಕೊನೆಗೂ ನನ್ನ ಪ್ರವೇಶ! ವಾದಿಗೆ ಒಂದು ದನಿ, ಪ್ರತಿವಾದಿಗೆ ಒಂದು ದನಿ, ನ್ಯಾಯಾಧೀಶರಿಗೆ ಎದೆಯಾಳದ ಮೂರನೆಯ ದನಿ. ನಾನು ತೀರ್ಪಿಗೆ ಬರುವಷ್ಟರಲ್ಲಿ ಬಾಜು ಕೋಣೆಯ ಪ್ರಾಧ್ಯಾಪಕರು ಬಾಗಿಲು ತೆರೆದು, ಯಾರಿಗಾದರೂ ಆರಾಮ ಇಲ್ಲವೇ, ಡಾಕ್ಟರರನ್ನು ಕರೆಯಲೇ ಎಂದು ಕೇಳಿದರು.

ಓದುತ್ತ ಓದುತ್ತ ನೌಕರಿಯನ್ನೂ ಹುಡುಕಿದೆ. ವಕೀಲರ ಕಚೇರಿಗಳಲ್ಲಿ ಗುಮಾಸ್ತನಾದರೂ ಆದೇನು ಎಂದು ಹದಿನೇಳು ಬಾಗಿಲು ತಟ್ಟಿದೆ. ‘ನಿಮ್ಮ ಬಗ್ಗೆ ಹೇಳಿರಿ’ ಎಂದು ಒಬ್ಬರು ಕೇಳಿದರು. ನಮ್ಮಲ್ಲಿ ಮನುಷ್ಯನ ಬಗ್ಗೆ ಹೇಳುವುದೆಂದರೆ ಎಲ್ಲಿಂದ ಶುರುವಾಗಬೇಕು? ಮನೆತನದಿಂದ. ಮುತ್ತಜ್ಜನಿಂದ ಆರಂಭಿಸಿದೆ. ಹತ್ತು ನಿಮಿಷದ ನಂತರ ಅವರು ಗಡಿಯಾರ ನೋಡಿದಾಗ ನಾನು ಇನ್ನೂ ಹುಟ್ಟಿರಲಿಲ್ಲ. ‘ನಿಮ್ಮನ್ನೇ ಯಾಕೆ ತೆಗೆದುಕೊಳ್ಳಬೇಕು?’ ಎಂದು ಇನ್ನೊಬ್ಬರು ಕೇಳಿದರು. ‘ತಾವು ದೊಡ್ಡವರು, ತಾವೇ ತಿಳಿದು ಮಾಡಿರಿ’ ಅಂದೆ. ಅವರು ತಿಳಿದು ಮಾಡಿದರು.

ಪ್ರಭಂಜನ ತಲೆ ಚಚ್ಚಿಕೊಂಡ. “ಭಾವ, ಇಲ್ಲೆ ತಾನ ತನ್ನ ಹೊಗಳಿಕೋಬೇಕ್ರಿ. ಹೊಗಳಿಕೊಳ್ಳಲಿಲ್ಲಂದ್ರ ಏನೋ ಮುಚ್ಚಿಟ್ಟಾನಂತಾರ.”

“ಎಷ್ಟು ಹೊಗಳಿಕೋಬೇಕೋ?”

“ನಿಮಗ ನಾಚಿಕಿ ಬರೂತನಕ.”

ಮಹಾಜನರೇ, ರಂಗದಲ್ಲಿ ಬೆಳೆದವನಿಗೆ ನಾಚಿಕೆ ತಡವಾಗಿ ಬರುತ್ತದೆ. ಮರುವಾರ ಹದಿನೆಂಟನೆಯ ಕಚೇರಿಗೆ ಹೋದವನು ಬಾಗಿಲಲ್ಲೇ ಒಂದು ಹೆಜ್ಜೆ ಮುಂದಿಟ್ಟು, ಬಲಗೈ ಮೇಲೆತ್ತಿ, ‘ನವಲಗುಂದದ ನ್ಯಾಯಾಲಯದ ಕಂಬಗಳನ್ನು ಕೇಳಿರಿ, ನಾನು ಯಾರೆಂದು ಹೇಳುತ್ತವೆ!’ ಎಂದು ಆರಂಭಿಸಿದೆ. ಟೈಪಿಸ್ಟಳ ಕೈ ನಿಂತಿತು. ಮೇಲಿನ ಅಂತಸ್ತಿನಿಂದ ಇಬ್ಬರು ಇಳಿದು ಬಂದರು. ಮಾಲಕರು ಬಹಳ ಸಭ್ಯರು. ಬಾಗಿಲವರೆಗೆ ಕಳಿಸಲು ಬಂದು, ‘ನಮ್ಮ ಕೋಣೆಗಳು ನಿಮಗೆ ಚಿಕ್ಕವಾಗುತ್ತವೆ’ ಎಂದರು. ಹೀಗೆ ಕಡಿಮೆ ಹೇಳಿ ಹದಿನೇಳು ನೌಕರಿ ಹೋದವು, ಹೆಚ್ಚು ಹೇಳಿ ಒಂದು ಹೋಯಿತು. ಕಾಲೇಜಿನ ಗ್ರಂಥಾಲಯದಲ್ಲಿ ಕಾಯದೆಯ ಪುಸ್ತಕಗಳನ್ನು ಕಪಾಟಿಗೆ ಮರಳಿ ಇಡುವ ಕೆಲಸ ಸಿಕ್ಕಿತು. ಅಲ್ಲಿ ಮಾತಾಡಬಾರದೆಂದು ಗೋಡೆಯ ಮೇಲೆ ಬರೆದಿತ್ತು.

ಎರಡೂವರೆ ವರ್ಷ ಕಳೆದಾಗ ಮೊರಬದಿಂದ ಒಂದು ಪತ್ರ ಬಂತು. ಹಸನಬಿ ಹೇಳಿ, ಮಾಸ್ತರರು ಬರೆದದ್ದು. ಹಸನಬಿ ನನ್ನ ಕಕ್ಷಿದಾರಳು. ‘ವಕೀಲಸಾಹೇಬ್ರ, ನೀವು ನಂಬಿಸಿ ಒಪ್ಪಿಸಿ ಹೋದ ವಕೀಲರಿಗೆ ಸರಕಾರಿ ಹುದ್ದೆ ಸಿಕ್ಕು ಬ್ಯಾರೆ ಊರಿಗೆ ಹೋದ್ರು. ಮೂರು ತಾರೀಖಿಗೆ ನಾ ಒಬ್ಬಾಕಿ ನಿಂತು ಬಂದೇನಿ. ಎಲ್ಲಾ ಮೊದಲಿಂದ ನಿಮಗ ಹೇಳೇನಿ. ಮತ್ತೊಬ್ಬರಿಗೆ ಯಾಕ ಹೇಳಲಿ? ವಕಾಲತ್ತು ಹಿಡಿದವರು ನೀವು.’ ಮೂರನೆಯ ವರ್ಷದ ಪರೀಕ್ಷೆಗೆ ನಾಲ್ಕು ತಿಂಗಳಿತ್ತು. ನಾನು ಪರೀಕ್ಷೆ ಬಿಟ್ಟು ಬಂದೆ. ಇದನ್ನು ತ್ಯಾಗ ಎಂದು ಯಾರೂ ಕರೆಯಬೇಡಿರಿ. ಹತ್ತೊಂಬತ್ತನೆಯ ಬಾಗಿಲಿಗೆ ಹೆದರಿದ್ದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ, ಅದರಲ್ಲಿ ಅರ್ಧ ಸತ್ಯ.

ತಮ್ಮ ಕಚೇರಿಯಲ್ಲಿ ಕೇಳಿದರು: ಪರದೇಶದಲ್ಲಿ ಇದ್ದಷ್ಟು ದಿನ ನಡತೆ ಹೇಗಿತ್ತು, ಕಾಲೇಜಿನಿಂದ ದಾಖಲೆ ತರಿಸಿರಿ. ತರಿಸಿದೆ. ಮುದ್ರೆಯೊತ್ತಿದ ಲಕೋಟೆ ಬಂತು. ಓದದೆ ಯಾವ ಕಾಗದವನ್ನೂ ಕೈಬಿಡಬೇಡಿರಿ ಎಂದು ಹನ್ನೊಂದು ವರ್ಷ ಕಕ್ಷಿದಾರರಿಗೆ ಬೈದ ಈ ಮಹಾಶಯ, ಅದನ್ನು ಒಡೆಯದೆ, ಹಾರ ಹಾಕುವವನ ಹಾಗೆ ಎರಡೂ ಕೈಯಿಂದ ತಮ್ಮ ಗುಮಾಸ್ತರಿಗೆ ಅರ್ಪಿಸಿದ. ತಮ್ಮ ಆದೇಶ ಬಂದ ಮೇಲೆ ನಕಲು ಪಡೆದು ಓದಿದೆ, ಒಳಗೆ ಇದ್ದದ್ದು ಇಷ್ಟು: ನಡತೆ ಉತ್ತಮ, ಹಾಜರಿ ಪೂರ್ಣ, ದನಿ ಮರೆಯಲಾಗದ್ದು, ತಮಗೆ ಕಾಯದೆಯಲ್ಲಿ ಏನೂ ಗೊತ್ತಿಲ್ಲವೆಂದು ಪ್ರವೇಶದ ದಿನ ನಿಸ್ಸಂಕೋಚವಾಗಿ ಹೇಳಿಕೊಂಡ ಇವರು ಮುಂದೆ ತೃಪ್ತಿಕರ ಪ್ರಗತಿ ತೋರಿಸಿದರು. ಹೊಗಳಿಕೆಯ ಈ ಪತ್ರದಿಂದ ತಾವು ಒಂದು ಸಾಲು ಆರಿಸಿ ಉಳಿದದ್ದನ್ನು ಬಿಟ್ಟಿರಿ. ಜೋಳದ ರಾಶಿಯಲ್ಲಿ ಹೊಟ್ಟನ್ನು ಆರಿಸಿ ಮನೆಗೆ ಒಯ್ದ ರೈತನನ್ನು ನಾನು ಈವರೆಗೆ ಕಂಡಿರಲಿಲ್ಲ.

ಪರದೇಶದ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಆಕೆಗೆ ನಮ್ಮ ರೀತಿ ಗೊತ್ತಿಲ್ಲ. ತಮಗೆ ಗೊತ್ತಿಲ್ಲವೇ? ಎರಡು ವರ್ಷದ ಹಿಂದೆ ತಾವು ಈ ಹುದ್ದೆಗೆ ಬಂದಾಗ ಹುಬ್ಬಳ್ಳಿಯಲ್ಲಿ ತಮಗೆ ಸತ್ಕಾರ ನಡೆಯಿತು. ಆಗ ನಾನು ಇಲ್ಲಿರಲಿಲ್ಲ, ಆದರೆ ಪತ್ರಿಕೆಯ ವರದಿ ಇದೆ. ‘ನಾನು ಅಲ್ಪಜ್ಞ. ಈ ಸ್ಥಾನಕ್ಕೆ ಯೋಗ್ಯನಲ್ಲ. ಹಿರಿಯರು ನೂಕಿದ್ದಾರೆ, ಕುಳಿತಿದ್ದೇನೆ’ ಎಂದು ತಾವು ಹೇಳಿದಿರಿ. ಸಭೆ ಚಪ್ಪಾಳೆ ತಟ್ಟಿತು. ಮಾನ್ಯರೇ, ಅದು ಸ್ವತಃ ಒಪ್ಪಿಗೆಯಲ್ಲವೇ? ನನ್ನದನ್ನು ಕೇಳಿದವರು ಮೂವರು, ತಮ್ಮದನ್ನು ಕೇಳಿದವರು ಮುನ್ನೂರು. ನನ್ನ ಮಾತಿನಿಂದ ನನ್ನ ಸನದು ಹೋಗುವುದಾದರೆ ತಮ್ಮ ಮಾತಿನಿಂದ ತಮ್ಮ ಖುರ್ಚಿ ಹೋಗಬೇಡವೇ? ಹೋಗಬಾರದು! ತಾವು ಯೋಗ್ಯರೆಂದೇ ನಾನು ನಂಬುತ್ತೇನೆ. ಯಾಕೆಂದರೆ ಆ ಮಾತಿನ ಅರ್ಥ ನನಗೆ ಗೊತ್ತಿದೆ.

ಇಷ್ಟರಲ್ಲೇ ಮುಗಿಯುವಂತಿದ್ದರೆ ನಾನು ಊರ ಮುಂದೆ ಹೀಗೆ ನಗೆಪಾಟಲಿಗೆ ಈಡಾಗುತ್ತಿರಲಿಲ್ಲ. ತಮ್ಮ ಆದೇಶದ ಕೆಳಗೆ ಸಿಕ್ಕಿರುವುದು ನಾನೊಬ್ಬನೇ ಅಲ್ಲ. ಹಸನಬಿಯ ದಾವೆ ಏನೆಂದು ಕೇಳಿರಿ. ಎಪ್ಪತ್ತನೆಯ ಇಸವಿಯಲ್ಲಿ ಆಕೆಯ ಗಂಡ ತೀರಿಕೊಂಡ. ನಾಲ್ವತ್ತನೆಯ ದಿನ ಮನೆತುಂಬ ಬೀಗರು. ಮೈದುನ ದಾವೂದಸಾಬ ಎಲ್ಲ ಖರ್ಚು ನೋಡಿಕೊಂಡಿದ್ದ. ಉಪಕಾರ ನೆನೆದು ಆಕೆ ಹಿರಿಯರ ಮುಂದೆ ಅಂದಳು: “ನಂದೇನೈತ್ರಿ, ಎಲ್ಲಾ ನಿಮ್ದ.” ಮನೆಗೆ ಬಂದ ಬೀಗರಿಗೆ ನಾವೆಲ್ಲ ದಿನಕ್ಕೆ ಹತ್ತು ಸಲ ಅನ್ನುವ ಮಾತು. ಆಮೇಲೆಯೂ ಎರಡು ವರ್ಷ ತನ್ನ ನಾಲ್ಕು ಎಕರೆ ಎರೆಹೊಲವನ್ನು ತಾನೇ ಬಿತ್ತಿದಳು, ತಾನೇ ಕೊಯ್ದಳು. ಮೂರನೆಯ ವರ್ಷ ದಾವೂದಸಾಬ ಕುಂಟೆ ಹೂಡಿಕೊಂಡು ಹೊಲಕ್ಕೆ ಇಳಿದ. ಕೇಳಿದರೆ, “ಎಲ್ಲಾರ ಮುಂದ ನನಗ ಕೊಟ್ಟಾಳಲ್ಲ, ನಾ ಏನ ಕದ್ದೇನೇನು?” ಅಂದ. ಅವರ ಮುಸ್ಲಿಂ ಕಾಯದೆಯಲ್ಲಿ ಬಾಯಿಮಾತಿನ ದಾನ ನಡೆಯುತ್ತದೆ, ಕಾಗದ ಬೇಕಿಲ್ಲ. ಆದರೆ ಕೊಟ್ಟವರು ಮನಸಾರೆ ಕೊಡಬೇಕು, ಪಡೆದವರು ಒಪ್ಪಬೇಕು, ವಸ್ತು ಕೈಯಿಂದ ಕೈಗೆ ಹೋಗಬೇಕು. ಹೊಲ ಎರಡು ವರ್ಷ ಆಕೆಯ ಕೈಯಲ್ಲೇ ಇತ್ತು. ಸೌಜನ್ಯದ ಮಾತು ದಾನವಲ್ಲ ಎಂಬುದೇ ನನ್ನ ವಾದ. ಆ ಹೊಲದ ಬಾಜು ಹೊಲದಲ್ಲಿ ಆಕೆ ಇವತ್ತು ಕೂಲಿ ಮಾಡುತ್ತಾಳೆ. ತನ್ನ ಎರೆಯಲ್ಲಿ ಇನ್ನೊಬ್ಬರ ಜೋಳ ತೆನೆ ಹಿಡಿದು ನಿಂತದ್ದನ್ನು ಬದುವಿನ ಆಚೆಯಿಂದ ನೋಡುತ್ತಾಳೆ.

ಸಾಕ್ಷಿಗಳೆಲ್ಲ ನಾನು ಹೋಗುವ ಮುಂಚೆಯೇ ಮುಗಿದಿವೆ. ಉಳಿದದ್ದು ವಾದ ಮಾತ್ರ. ನಾಳೆ ಕೊನೆಯ ತಾರೀಖು, ಇನ್ನು ಮುಂದೂಡುವುದಿಲ್ಲವೆಂದು ಮುನ್ಸೀಫ ಸಾಹೇಬರು ಖಡಾಖಂಡಿತ ಹೇಳಿದ್ದಾರೆ. ನನಗೆ ಎದ್ದು ನಿಲ್ಲುವ ಹಕ್ಕಿಲ್ಲ. ಆದರೆ ತನ್ನ ದಾವೆಯನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು ಯಾವ ಕಾರ್ಯದರ್ಶಿಗಳೂ ಕಿತ್ತುಕೊಳ್ಳಲಾರರು. ಆದ್ದರಿಂದ ನಿನ್ನೆ ಹಸನಬಿಯನ್ನು ನಮ್ಮ ಕಟ್ಟೆಯ ಮೇಲೆ ಕೂಡಿಸಿ ಪಾಠ ಮಾಡಿದೆ.

“ಮೊದಲ ಕೈ ಮುಗೀಬೇಕು. ಆಮ್ಯಾಲೆ, ‘ಸಾಹೇಬ್ರ, ನಾ ಓದಿದಾಕಿ ಅಲ್ಲ, ನನಗೇನೂ ತಿಳಿಯೂದಿಲ್ರಿ’ ಅನ್ನಬೇಕು. ಆಮ್ಯಾಲೆ ವಿಷಯಕ್ಕ ಬಾ.”

ಆಕೆ ಸೆರಗು ಸರಿಮಾಡಿಕೊಂಡು ನನ್ನನ್ನೇ ನೋಡಿದಳು. “ಹಂಗ ಯಾಕ ಅನ್ನಲ್ರಿ?”

“ಅದು ರೀತಿ.”

“ರೀತಿ ಅಂತ ಒಮ್ಮೆ ಅಂದೆ, ಹೊಲ ಹೋತು. ನೀವೂ ಅಂದ್ರಿ, ನಿಮ್ಮ ಕಾಗದ ಹೋತು. ಇನ್ನ ಏನ ಉಳದೈತಂತ ಅನ್ನೂಣ್ರಿ ವಕೀಲಸಾಹೇಬ್ರ?” ಆಕೆಯೇ ಮುಂದುವರಿಸಿದಳು. “ನನಗ ತಿಳೀತೈತಿ. ಮೂಡಲಕ ಯಾರ ಬದು, ಪಡುವಲಕ ಯಾವ ಹಳ್ಳ, ಆ ಎರಡು ವರ್ಷ ಏನ ಬಿತ್ತಿದೆ, ಯಾರ್ಯಾರು ಕೂಲಿಗೆ ಬಂದಿದ್ರು, ಯಾರ ಚಕ್ಕಡಿಯೊಳಗ ರಾಶಿ ಮನಿಗೆ ಬಂತು. ಎಲ್ಲಾ ಗೊತ್ತೈತಿ. ಅದನ್ನ ಹೇಳತೇನಿ.”

ಒಳಗಿನಿಂದ ವತ್ಸಲಾಬಾಯಿಯ ದನಿ ಬಂತು: “ಇಕಿನ್ನ ಕೆನಡಾಕ್ಕ ಕಳಿಸಿದ್ರ ಮೊದಲನೇ ಬಾಗಲದಾಗನ ನೌಕರಿ ಸಿಗತಿತ್ತು!”

ಮಾನ್ಯರೇ, ಎರಡು ದೇಶದ ಕಾಯದೆ ಓದಿದವನಿಗೆ ಕಟ್ಟೆಯ ಮೇಲೆ ಕುಳಿತು ಆದ ಅಪಮಾನ ಇದು. ಆಕೆ ಹೇಳಿದ್ದೇ ನಿಜವಾದ ವಾದ. ನಾನು ಅದಕ್ಕೆ ಒಂದು ಅಲಂಕಾರ ಸೇರಿಸಲು ಹೊರಟಿದ್ದೆ, ಆ ಅಲಂಕಾರವೇ ನಮ್ಮಿಬ್ಬರ ಕುತ್ತಿಗೆಗೆ ಬಂದಿತ್ತು.

ಇನ್ನು ನನ್ನ ಬೇಡಿಕೆ. ತಮ್ಮ ಫೈಲಿನಲ್ಲಿ ನನ್ನ ವಿನಯಕ್ಕೆ ತಾವು ಒಪ್ಪಿಗೆಯೆಂದು ಕೊಟ್ಟ ಹೆಸರನ್ನು ಹೊಡೆದು ಹಾಕಿರಿ, ಸನದು ಮರಳಿಸಿರಿ. ಅದಾಗದಿದ್ದರೆ ನನ್ನನ್ನು ಎದುರಿಗೆ ಕರೆಯಿರಿ, ಕಾಯದೆಯಲ್ಲಿ ಬೇಕಾದ ಪ್ರಶ್ನೆ ಕೇಳಿರಿ. ಈ ಸಲ ‘ಗೊತ್ತಿಲ್ಲ’ ಅನ್ನುವುದಿಲ್ಲ. ಗೊತ್ತಿದ್ದಷ್ಟನ್ನು ಗೊತ್ತಿದೆ ಎಂದೇ, ಮುತ್ತಜ್ಜನನ್ನು ಬಿಟ್ಟು, ಕಂಬಗಳನ್ನು ಕರೆಯದೆ, ಕೋಣೆಗೆ ತಕ್ಕ ದನಿಯಲ್ಲಿ ಹೇಳುತ್ತೇನೆ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಮೇಲಿನ ಕೋರ್ಟಿಗೆ ಹೋಗುತ್ತೇನೆ. ಅಲ್ಲಿ ನನ್ನ ದಾವೆಯನ್ನು ನಾನೇ ಹೇಳಿಕೊಳ್ಳುವ ಹಕ್ಕು ನನಗೂ ಇದೆಯೆಂದು ನಿನ್ನೆ ತಾನೆ ಕಲಿತಿದ್ದೇನೆ.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹಸನಬಿಯ ಜೊತೆ ನವಲಗುಂದಕ್ಕೆ ಹೊರಡುತ್ತೇನೆ. ಕೋರ್ಟಿನಲ್ಲಿ ವಕೀಲರ ಖುರ್ಚಿಗಳ ಹತ್ತಿರ ಹೋಗುವುದಿಲ್ಲ, ಬಾಗಿಲ ಬಳಿಯ ಬಾಕಿನ ಮೇಲೆ ತಾರೀಖಿಗೆ ಬಂದ ರೈತರ ನಡುವೆ ಕೂಡುತ್ತೇನೆ. ಹೆಸರು ಕೂಗಿದಾಗ ಆಕೆ ಎದ್ದು ಹೋಗುತ್ತಾಳೆ. ದಾವೂದಸಾಬನ ವಕೀಲರು ಅಡ್ಡ ಬಾಯಿ ಹಾಕಿದಾಗ, ಅದಕ್ಕೆ ತಕ್ಕ ಉತ್ತರ ನನ್ನ ಗಂಟಲಿಗೆ ಬಂದು ಒದ್ದಾಗ, ಎರಡೂ ಕೈಯಿಂದ ಬಾಕಿನ ಹಲಗೆ ಹಿಡಿದುಕೊಳ್ಳುತ್ತೇನೆ. ಆಕೆಯ ಮಾತು ಮುಗಿಯುವ ತನಕ ತುಟಿ ಎರಡು ಮಾಡುವುದಿಲ್ಲ.

ಇಂತಿ,
ಎರಡು ದೇಶಗಳ ಕಾನೂನು ಶಾಲೆ ಕಂಡು ಒಂದರಲ್ಲಿಯೂ ಬಾಯಿ ತೆರೆಯಲಾಗದ,
ತಮ್ಮ ಕಡತದ ಪ್ರಕಾರ ಏನೂ ಅರಿಯದ,
ಏಕನಾಥ ಕೃಷ್ಣಾಜಿ ನಾಡಗೀರ
(ವಕೀಲ ಎಂದು ಬರೆದು ಹೊಡೆದು ಹಾಕಿದ್ದೇನೆ)
ಮೊರಬ, ತಾಲೂಕು ನವಲಗುಂದ
ಜನವರಿ, ೧೯೭೮